ಅಂಕಿಅಂಶದಲ್ಲಿ ಒಂದು, ಸಂಗೀತದಲ್ಲಿ ಇನ್ನೊಂದು: ‘ವೇರಿಯೇಶನ್’ ಅಂದರೆ ನಿಜಕ್ಕೂ ಏನು?

ನಿಘಂಟು ತೆಗೆದರೆ ವ್ಯತ್ಯಾಸ, ಭಿನ್ನತೆ, ಮಾರ್ಪಾಡು ಎಂದೆಲ್ಲ ಸಿಗುತ್ತದೆ. ಯಾವುದನ್ನು ಎಲ್ಲಿ ಹಾಕಬೇಕು ಅನ್ನೋದೇ ತಲೆನೋವು, ಅಲ್ವಾ?

ಅಂಕಿಅಂಶದಿಂದ ಶುರು ಮಾಡೋಣ. ಮೂವರು ಮಕ್ಕಳ ಅಂಕ 48, 50, 52. ಇನ್ನೊಂದು ಗುಂಪಿನ ಮೂವರದ್ದು 20, 50, 80. ಎರಡರ ಸರಾಸರಿಯೂ 50. ಸರಾಸರಿ ಮಾತ್ರ ನೋಡಿದರೆ ಎರಡೂ ಒಂದೇ ಅನಿಸುತ್ತದೆ. ಆದರೆ ಎರಡನೇ ಗುಂಪಿನಲ್ಲಿ ಒಂದು ಮಗು ತೀರಾ ಹಿಂದೆ ಉಳಿದಿದೆ. ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದೇ ಇಲ್ಲಿನ ವೇರಿಯೇಶನ್. ಸರಾಸರಿಯಿಂದ ಇರುವ ದೂರಗಳ ವರ್ಗ ಮಾಡಿ, ಕೂಡಿಸಿ, ಮೂರರಿಂದ ಭಾಗಿಸಿ ನೋಡಿ. ಮೊದಲ ಗುಂಪಿಗೆ ಸುಮಾರು 2.67, ಎರಡನೆಯದಕ್ಕೆ 600!

ಜೀವಶಾಸ್ತ್ರದಲ್ಲಿ ಒಂದೇ ಜಾತಿಯ ಜೀವಿಗಳ ನಡುವಿನ ವ್ಯತ್ಯಾಸ. ಒಂದೇ ನಾಯಿ ಹಾಕಿದ ಮರಿಗಳಲ್ಲಿ ಒಂದು ಕಪ್ಪು, ಒಂದು ಕಂದು. ಡಾರ್ವಿನ್ 1859ರ ತನ್ನ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ಇದಕ್ಕೇ ಕೊಟ್ಟ. ಈ ವ್ಯತ್ಯಾಸವೇ ಇಲ್ಲದಿದ್ದರೆ ನಿಸರ್ಗಕ್ಕೆ ಆರಿಸಲು ಏನೂ ಇರುತ್ತಿರಲಿಲ್ಲ.

ಸಂಗೀತದಲ್ಲಿ ಮಾತ್ರ ಇದು ಬೇಕಂತಲೇ ಮಾಡುವ ಕೆಲಸ. ಕರ್ನಾಟಕ ಸಂಗೀತದ ‘ಸಂಗತಿ’ ನೆನಪಿಸಿಕೊಳ್ಳಿ. ಸಾಲು ಅದೇ, ತಾಳ ಅದೇ. ಪ್ರತಿ ಸಲ ಹಾಡುವಾಗ ಸ್ವರದ ಓಟ ಸ್ವಲ್ಪ ಬೆಳೆಯುತ್ತದೆ. ನನಗೆ ಇದಕ್ಕಿಂತ ಒಳ್ಳೆ ಕನ್ನಡ ಪದ ಸಿಕ್ಕಿಲ್ಲ.

ಭಾಷೆಯಲ್ಲಂತೂ ದಿನಾ ಕೇಳ್ತೀವಿ. ಧಾರವಾಡದ ಕಡೆ ‘ಬಂದಾನ’, ಮೈಸೂರು ಸೀಮೆಯ ಹಳ್ಳಿಯಲ್ಲಿ ‘ಬಂದವ್ನೆ’, ಪುಸ್ತಕದಲ್ಲಿ ‘ಬಂದಿದ್ದಾನೆ’. ಇದರಲ್ಲಿ ಯಾವುದೂ ತಪ್ಪಲ್ಲ.

ಹಡಗಿನವರ ಅರ್ಥ ಬೇರೆಯೇ: ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ.