ಅಪ್ಪನ ಆಪರೇಷನ್‌ಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಆಗುತ್ತಾ?

ಜಗಳೂರು ಕಡೆಯವರು, ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಬೇಕು, ಸರ್ಕಾರಿ ಆಸ್ಪತ್ರೆ ಅಂದರೆ ಭಯ ಅಂತ ಬರೆದಿದ್ದೀರಿ. ಧೈರ್ಯವಾಗಿ ಕರೆದುಕೊಂಡು ಬನ್ನಿ. ನಮ್ಮವ್ವ ತೊಡೆ ಮೂಳೆ ಮುರಿದುಕೊಂಡಾಗ 11 ದಿನ ಅಲ್ಲೇ ಇದ್ದೆವು.

ಅಲ್ಲಿ ನನಗೆ ಹಿಡಿಸಿದ್ದು ಬೆಳಗಿನ ರೌಂಡ್ಸ್. ದೊಡ್ಡ ಡಾಕ್ಟರ ಹಿಂದೆ ಏಳೆಂಟು ಹುಡುಗರು, ಹುಡುಗಿಯರು ಬರುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಅವ್ವನನ್ನು 'ಹೇಗೆ ಬಿದ್ರಿ ಅಜ್ಜಿ?' ಅಂತ ಕೇಳೋರು. ಮೊದಲ ದಿನ ಅವಳಿಗೆ ಬೇಜಾರಾಯಿತು. ಮೂರನೇ ದಿನಕ್ಕೆ ತಾನೇ ದಾರಿ ಕಾಯೋಳು. ಇವರೆಲ್ಲ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಮಕ್ಕಳು. ಕಾಲೇಜು ಶುರುವಾಗಿದ್ದು 1965ರಲ್ಲಿ. ಅದು ಖಾಸಗಿ ಕಾಲೇಜು, ಆದರೂ ಅಲ್ಲಿನ ಮಕ್ಕಳು ಈ ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಯುತ್ತಾರೆ. ಹಾಗಾಗಿ ಬಡವರ ಹಾಸಿಗೆ ಪಕ್ಕವೂ ಡಾಕ್ಟರು ಜಾಸ್ತಿ. ನಮ್ಮೂರಿಗೆ ಇದು ದೊಡ್ಡ ಭಾಗ್ಯ ಅಂತ ನನ್ನ ಭಾವನೆ.

1997ರವರೆಗೆ ದಾವಣಗೆರೆ, ನಿಮ್ಮ ಜಗಳೂರು ಎರಡೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಹೊಸ ಜಿಲ್ಲೆಗೆ ಜಿಲ್ಲಾಸ್ಪತ್ರೆಯಾಗಿ ನಿಂತಿದ್ದು ಇದೇ. ಈಗ 930 ಹಾಸಿಗೆ ಇವೆ. ಹರಪನಹಳ್ಳಿ ಇವತ್ತು ಬೇರೆ ಜಿಲ್ಲೆ, ಆದರೂ ಅಲ್ಲಿನವರು ಇಲ್ಲಿಗೇ ಬರುತ್ತಾರೆ. ಅಂದ ಹಾಗೆ, ಚಿಗಟೇರಿ ಅಂತ ಆ ತಾಲ್ಲೂಕಿನಲ್ಲಿ ಒಂದು ಊರೂ ಇದೆ. ನೀವು ದಾವಣಗೆರೆಯಲ್ಲೇ ಇಳಿಯಿರಿ, ಆಟೋದವರಿಗೆ 'ಸಿ.ಜಿ. ಆಸ್ಪತ್ರೆ' ಅಂದರೆ ಸಾಕು. ಹೆರಿಗೆಗೆ ಮಾತ್ರ ಹಳೇ ಊರಿನಲ್ಲಿ ಬೇರೆ ಆಸ್ಪತ್ರೆ ಇದೆ.

ಈಗ ಮುಖ್ಯವಾದ ಮಾತು. ರೇಷನ್ ಕಾರ್ಡ್, ಆಧಾರ್ ಎರಡೂ ತನ್ನಿ. ಬಿ.ಪಿ.ಎಲ್. ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಇಡೀ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಆದರೆ ಸುಮ್ನೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ನಡೆಯಲ್ಲ. ಹರ್ನಿಯಾದಂಥ ಮಾಮೂಲಿ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ತೋರಿಸಬೇಕು. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಚೀಟಿ ಕೊಡುತ್ತಾರೆ. ಜೀವಕ್ಕೆ ಅಪಾಯ ಇರುವ ತುರ್ತಿಗೆ ಮಾತ್ರ ಆ ಚೀಟಿ ಬೇಡ. ನನ್ನ ಚಿಕ್ಕಪ್ಪ ಇದು ಗೊತ್ತಿಲ್ಲದೆ ಒಂದು ನರ್ಸಿಂಗ್ ಹೋಮ್‌ಗೆ ಸೇರಿ, ಬಿಲ್ಲಿಗಾಗಿ ಎತ್ತು ಮಾರಿದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತೆ.

ಹೊರರೋಗಿ ಚೀಟಿಗೆ ಬೆಳಿಗ್ಗೆ ಬೇಗ ಬಂದು ನಿಲ್ಲಿ. ರಾತ್ರಿ ಅಪ್ಪನ ಜೊತೆ ಇರಲು ಒಬ್ಬರು ಬೇಕೇ ಬೇಕು. ಹೊದಿಕೆ, ತಟ್ಟೆ, ಲೋಟ ಮನೆಯಿಂದಲೇ ತನ್ನಿ.