ಅಮೆರಿಕದ ರಾಕ್ ಬ್ಯಾಂಡ್ ಏರೋಸ್ಮಿತ್‌ನ ‘ಪಂಪ್’ ಬರೀ ಮಾರಾಟಕ್ಕೆಂದು ಮಾಡಿದ ಆಲ್ಬಂ ಅಂತಾರೆ. ಎಪ್ಪತ್ತರ ದಶಕದ ಅವರ ಹಾಡುಗಳನ್ನಷ್ಟೇ ಇಷ್ಟಪಡುವವರು ಇದನ್ನು ಕೇಳಬಹುದೇ?

ಧಾರಾಳವಾಗಿ ಕೇಳಿ. ಆ ದೂರು ಹೆಚ್ಚು ಒಪ್ಪುವುದು ಇದರ ಹಿಂದಿನ ಆಲ್ಬಂಗೆ, ಅಂದರೆ 1987ರ ‘ಪರ್ಮನೆಂಟ್ ವೆಕೇಶನ್’ಗೆ.

ಆಗ ಅವರ ಸ್ಥಿತಿ ಹಾಗಿತ್ತು ಅನ್ನಿ. 1979ರಲ್ಲಿ ಗಿಟಾರ್ ವಾದಕ ಜೋ ಪೆರ್ರಿ ಬ್ಯಾಂಡ್ ಬಿಟ್ಟರು, 1981ರಲ್ಲಿ ಇನ್ನೊಬ್ಬ ಗಿಟಾರ್ ವಾದಕ ಬ್ರಾಡ್ ವಿಟ್‌ಫರ್ಡ್. ಸಾಲದ್ದಕ್ಕೆ ಮಾದಕ ವ್ಯಸನ. 1984ರಲ್ಲಿ ಐವರೂ ಮತ್ತೆ ಒಂದಾದರೂ ಮರುವರ್ಷದ ಆಲ್ಬಂ ಮಕಾಡೆ ಮಲಗಿತು. 1986ರಲ್ಲಿ ರ‍್ಯಾಪ್ ತಂಡ ರನ್-ಡಿಎಂಸಿ ಜೊತೆ ತಮ್ಮದೇ ಹಳೆಯ ‘ವಾಕ್ ದಿಸ್ ವೇ’ ಹಾಡಿದ ಮೇಲೆ ಹೊಸ ತಲೆಮಾರಿಗೆ ಇವರ ಮುಖ ಪರಿಚಯವಾಯಿತು. ಆಮೇಲೆ ಅವರ ರೆಕಾರ್ಡ್ ಕಂಪನಿ ಗೆಫೆನ್‌ನ ಜಾನ್ ಕಲೋಡ್ನರ್ ಹೊರಗಿನ ಗೀತರಚನಕಾರರನ್ನು ಕರೆತಂದರು. ‘ಪರ್ಮನೆಂಟ್ ವೆಕೇಶನ್’ನ ಮೂರು ದೊಡ್ಡ ಹಿಟ್‌ಗಳಲ್ಲೂ ಡೆಸ್ಮಂಡ್ ಚೈಲ್ಡ್, ಜಿಮ್ ವ್ಯಾಲೆನ್ಸ್, ಹಾಲಿ ನೈಟ್ ಇವರಲ್ಲಿ ಯಾರದಾದರೂ ಕೈ ಇದ್ದೇ ಇದೆ.

1989ರ ‘ಪಂಪ್’ನಲ್ಲೂ ಅದೇ ನಿರ್ಮಾಪಕ ಬ್ರೂಸ್ ಫೇರ್‌ಬೇರ್ನ್, ಅದೇ ವ್ಯಾಂಕೂವರ್ ಸ್ಟುಡಿಯೊ. ಚೈಲ್ಡ್, ವ್ಯಾಲೆನ್ಸ್ ಕೂಡ ಇದ್ದಾರೆ. ಆದರೆ ಆಲ್ಬಂನ ಎರಡು ಅತಿದೊಡ್ಡ ಹಿಟ್‌ಗಳ ಕ್ರೆಡಿಟ್ ನೋಡಿ: ‘ಲವ್ ಇನ್ ಆ್ಯನ್ ಎಲಿವೇಟರ್’ ಬರೆದದ್ದು ಬ್ಯಾಂಡಿನ ಗಾಯಕ ಸ್ಟೀವನ್ ಟೈಲರ್ ಮತ್ತು ಪೆರ್ರಿ, ‘ಜೇನೀಸ್ ಗಾಟ್ ಎ ಗನ್’ ಬರೆದದ್ದು ಟೈಲರ್ ಮತ್ತು ಬಾಸ್ ನುಡಿಸುವ ಟಾಮ್ ಹ್ಯಾಮಿಲ್ಟನ್. ಹೊರಗಿನವರು ಒಬ್ಬರೂ ಇಲ್ಲ. ಎರಡನೆಯದಂತೂ ತಂದೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಹುಡುಗಿ ಅವನನ್ನೇ ಗುಂಡಿಟ್ಟು ಕೊಲ್ಲುವ ಕಥೆ. ಬರೀ ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಟ್ಟವರು ಆರಿಸಿಕೊಳ್ಳುವ ವಸ್ತುವೇ ಇದು? ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು, ಬ್ಯಾಂಡಿಗೆ ಮೊದಲ ಗ್ರ್ಯಾಮಿಯನ್ನೂ ತಂದುಕೊಟ್ಟಿತು. ವಿಡಿಯೊ ಮಾಡಿದ್ದು ಡೇವಿಡ್ ಫಿಂಚರ್, ಆತ ಇನ್ನೂ ಸಿನಿಮಾ ನಿರ್ದೇಶಕನಾಗುವ ಮುಂಚೆ.

ನನಗೆ ಇದಕ್ಕಿಂತಲೂ ಹಿಡಿಸುವುದು ಹಾಡುಗಳ ನಡುವಿನ ಪುಟ್ಟ ತುಣುಕುಗಳು. ರ‍್ಯಾಂಡಿ ರೇನ್-ರಾಯ್ಶ್ ಎಂಬ ಕಲಾವಿದ ಜಗತ್ತಿನ ನಾನಾ ಮೂಲೆಗಳ ವಾದ್ಯಗಳನ್ನು ಇವುಗಳಿಗೆ ತಂದಿದ್ದಾರೆ. ‘ಜೇನಿ’ಗೆ ಮೊದಲು ಬರುವ ‘ವಾಟರ್ ಸಾಂಗ್’ ಕೆಲವೇ ಕ್ಷಣಗಳದ್ದು, ಅಷ್ಟರಲ್ಲೇ ಮುಂದೆ ಏನೋ ಕೆಟ್ಟದ್ದು ಕಾದಿದೆ ಅನ್ನಿಸಿಬಿಡುತ್ತದೆ. ಅದಕ್ಕೇ ಶಫಲ್ ಹಾಕಬೇಡಿ, ಅನುಕ್ರಮದಲ್ಲೇ ಕೇಳಿ.

ಹಳೆಯ ಒರಟುತನ ಬೇಕಿದ್ದರೆ ‘ಮಂಕಿ ಆನ್ ಮೈ ಬ್ಯಾಕ್’ ಇದೆ. ವ್ಯಸನದ ಬಗ್ಗೆ ಅದರಿಂದ ಹೊರಬಂದವರೇ ಹಾಡಿದ್ದು, ಉಪದೇಶದ ವಾಸನೆಯಿಲ್ಲ. ‘ಮೈ ಗರ್ಲ್’ ಮಾತ್ರ ಜಾಗ ತುಂಬಿಸಲು ಹಾಕಿದಂತಿದೆ, ದಾಟಿಸಿದರೂ ನಷ್ಟವಿಲ್ಲ. ಇದು ಹಿಡಿಸಿತೆಂದು ನೇರವಾಗಿ 1993ರ ‘ಗೆಟ್ ಎ ಗ್ರಿಪ್’ಗೆ ಹೋಗಬೇಡಿ. ಅಮೆರಿಕದಲ್ಲಿ ನಂಬರ್ 1 ಆದ ಅವರ ಮೊದಲ ಆಲ್ಬಂ ಅದೇ, ಆದರೆ ಉದ್ದ ಜಾಸ್ತಿ, ಒಂದೇ ಅಚ್ಚಿನ ಬ್ಯಾಲಡ್‌ಗಳೂ ಜಾಸ್ತಿ. ಅದರ ಬದಲು 1976ರ ‘ರಾಕ್ಸ್’ ಅನ್ನು ಇನ್ನೊಮ್ಮೆ ಹಾಕಿಕೊಳ್ಳಿ.