ಕರಾವಳಿಯ ಮಳೆಗೆ ಹೆಂಪ್ ಬಟ್ಟೆ ಒಳ್ಳೆಯದೋ, ಸಾವಯವ ಹತ್ತಿಯೋ?

ನೀವು ಕುಮಟಾದವರು. ಎರಡು ಶರ್ಟು, ಒಂದು ಪ್ಯಾಂಟಿಗಾಗುವಷ್ಟು ಬಟ್ಟೆ ಆನ್‌ಲೈನ್‌ನಲ್ಲಿ ತರಿಸಬೇಕು. ಹೆಂಪ್ (ಗಾಂಜಾ ಜಾತಿಯ ಗಿಡದ ಕಾಂಡದ ನಾರಿನ ಬಟ್ಟೆ) ಒಳ್ಳೆಯದೋ ಸಾವಯವ ಹತ್ತಿಯೋ, ಅಸಲಿ ಅಂತ ತಿಳಿಯುವುದು ಹೇಗೆ, ನಮ್ಮ ಮಳೆಗೆ ಬೂಸ್ಟು ಹಿಡಿಯದೆ ಉಳಿದೀತೇ ಎಂಬುದು ನಿಮ್ಮ ಪ್ರಶ್ನೆ. ನನ್ನ ಸಲಹೆ ಇಷ್ಟು: ಶರ್ಟಿಗೆ ತೆಳುವಾದ ಸಾವಯವ ಹತ್ತಿ, ಪ್ಯಾಂಟಿಗೆ 55 ಭಾಗ ಹೆಂಪ್ ಮತ್ತು 45 ಭಾಗ ಹತ್ತಿ ಸೇರಿಸಿ ನೇಯ್ದದ್ದು. ಪೂರ್ತಿ ಹೆಂಪ್ ಬೇಡ ಅನ್ನುವುದಕ್ಕೆ ಕಾರಣ ಇದೆ.

ಗಾಳಿಯಲ್ಲಿ ಶೇ. 65ರಷ್ಟು ತೇವ ಇದ್ದಾಗ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ನೀರನ್ನು ಒಳಗೆ ಹಿಡಿದುಕೊಂಡಿರುತ್ತದೆ, ಹೆಂಪ್ ಸುಮಾರು ಶೇ. 12ರಷ್ಟು. ಮುಟ್ಟಿದರೆ ಎರಡೂ ಒಣಗಿದಂತೆಯೇ ಇರುತ್ತವೆ. ಏಪ್ರಿಲ್ ಸೆಕೆಯಲ್ಲಿ ಬೆವರು ಹೀರಿ ಮೈ ತಂಪಾಗಿಡುವುದು ಇದೇ ಗುಣ. ಜುಲೈನಲ್ಲಿ, ಹಗಲಿಡೀ ಬಿಸಿಲು ಕಾಣದ ವಾರಗಳಲ್ಲಿ, ಇದೇ ಗುಣ ಮುಳುವಾಗುತ್ತದೆ. ದಪ್ಪ ಹೆಂಪ್ ಪ್ಯಾಂಟು ಒಳಗಿನ ಹಗ್ಗದ ಮೇಲೆ ಮೂರು ದಿನ ನೇತಾಡಿದರೂ ಸೊಂಟಪಟ್ಟಿ, ಜೇಬಿನ ಹೊಲಿಗೆಗಳಲ್ಲಿ ತಣ್ಣಗೇ ಇರುತ್ತದೆ, ಬೂಸ್ಟು ಶುರುವಾಗುವುದೂ ಅಲ್ಲಿಂದಲೇ. ‘ಹೆಂಪ್‌ಗೆ ಬೂಸ್ಟು ಹಿಡಿಯುವುದೇ ಇಲ್ಲ’ ಎಂಬ ಜಾಹೀರಾತನ್ನು ನಂಬಿ ಕಪಾಟಿನಲ್ಲಿ ಮಡಚಿಡಬೇಡಿ. ಅದೂ ಹತ್ತಿಯ ಹಾಗೆ ಸೆಲ್ಯುಲೋಸೇ, ತೇವ ಸಿಕ್ಕರೆ ಬೂಸ್ಟಿಗೆ ಅದೂ ಆಹಾರವೇ.

ಹಾಗಾಗಿ ಹೆಸರಿಗಿಂತ ಮೊದಲು ತೂಕ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಎಂಬುದೇ ಜಿಎಸ್‌ಎಂ. ನಮ್ಮ ಕಡೆಗೆ ಶರ್ಟಿಗೆ 110ರಿಂದ 130, ಪ್ಯಾಂಟಿಗೆ 200ರಿಂದ 230 ಸಾಕು. 280 ದಾಟಿದ್ದು ಮಳೆಗಾಲಕ್ಕೆ ಆಗದು. ಮಾರುವವರು ಬರೆದ ಅಂಕೆ ಸರಿಯೇ ಎಂದು ನೋಡಬೇಕಿದ್ದರೆ ಮಾದರಿ ತುಂಡಿನಲ್ಲಿ ಸರಿಯಾಗಿ 10 ಸೆಂ.ಮೀ. ಚೌಕ ಕತ್ತರಿಸಿ ಚಿನಿವಾರರ ತಕ್ಕಡಿಯಲ್ಲಿ ತೂಗಿಸಿ. 1.2 ಗ್ರಾಂ ಬಂದರೆ 120 ಜಿಎಸ್‌ಎಂ. ಅಡುಗೆಮನೆಯ ತಕ್ಕಡಿ ಇಷ್ಟು ಸಣ್ಣ ತೂಕ ತೋರಿಸುವುದಿಲ್ಲ.

ಎರಡನೆಯದು ಗಂಜಿ. ಮಗ್ಗದಲ್ಲಿ ಹಾಸುನೂಲು ಹರಿಯದಿರಲಿ ಎಂದು ಅದಕ್ಕೆ ಗಂಜಿ ಹಾಕುತ್ತಾರೆ. ಅದನ್ನು ತೆಗೆಯದೆ ಮಾರಿದ ಬಟ್ಟೆಗೆ ನಮ್ಮಲ್ಲಿ ಬೂಸ್ಟು ಬೇಗ ಬರುತ್ತದೆ, ಬೆಳ್ಳಿಮೀನು ಹುಳವೂ ಕೊರೆಯುತ್ತದೆ. ಗಂಜಿ ಇದೆಯೋ ಇಲ್ಲವೋ ತಿಳಿಯಲು ಬೆಟಾಡಿನ್ ದ್ರಾವಣದ ಒಂದು ಹನಿಗೆ ನಾಲ್ಕೈದು ಹನಿ ನೀರು ಬೆರೆಸಿ ಬಟ್ಟೆಯ ಮೂಲೆಗೆ ಹಚ್ಚಿ. ಕಂದು ಬಣ್ಣ ಹಾಗೇ ಉಳಿದರೆ ಗಂಜಿ ಇಲ್ಲ. ಕಡುನೀಲಿಗೆ, ಕಪ್ಪಿಗೆ ತಿರುಗಿದರೆ ಇದೆ. ಇದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ದಿನ ಪೂರ್ತಿ ಮುಳುಗಿಸಿಡಿ. ನೀರು ಸ್ವಲ್ಪ ಹುಳಿ ವಾಸನೆ ಬರುತ್ತದೆ, ಗಾಬರಿ ಬೇಡ, ಗಂಜಿ ಒಡೆಯುತ್ತಿದೆ ಎಂದರ್ಥ. ಎರಡು ದಿನ ಬಿಟ್ಟರೆ ಮಾತ್ರ ಬಟ್ಟೆಯೇ ಕೊಳೆಯತೊಡಗುತ್ತದೆ. ಆಮೇಲೆ ಬಿಸಿನೀರು, ಸ್ವಲ್ಪ ಸೋಪಿನಪುಡಿಯಲ್ಲಿ ಒಗೆದು ಬೆಟಾಡಿನ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಬಣ್ಣದ ಬಟ್ಟೆಯಾದರೆ ಮೊದಲು ಮಾದರಿ ತುಂಡನ್ನೇ ಹೀಗೆ ನೆನೆಸಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಇನ್ನು ಅಸಲಿ ಯಾವುದು ಎಂಬ ಪ್ರಶ್ನೆ. ಬಟ್ಟೆ ಮುಟ್ಟಿ, ಸುಟ್ಟು, ಮೂಸಿ ಹತ್ತಿ ಸಾವಯವವೇ ಎಂದು ಯಾರೂ ಹೇಳಲಾರರು. ರಾಸಾಯನಿಕ ಗೊಬ್ಬರ ಹಾಕಿ ಬೆಳೆದ ಹತ್ತಿಯ ನಾರೂ ಹಾಕದೆ ಬೆಳೆದದ್ದರ ನಾರೂ ಒಂದೇ. ಇಲ್ಲಿ ಕಾಗದವೇ ಸಾಕ್ಷಿ. ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್, ಅಂದರೆ ಜಿಒಟಿಎಸ್ ಮುದ್ರೆಯಲ್ಲಿ ಎರಡು ದರ್ಜೆ: ‘ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ ಶೇ. 95 ಸಾವಯವ ನಾರು, ‘ಮೇಡ್ ವಿತ್ ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ ಶೇ. 70. ಬಣ್ಣ, ಬ್ಲೀಚುಗಳಿಗೂ ಇದರಲ್ಲಿ ಕಟ್ಟುಪಾಡು ಇದೆ. ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಮುದ್ರೆ ಇದೆ, ಅದು ನಾರಿನ ಪ್ರಮಾಣ ಲೆಕ್ಕ ಹಾಕುತ್ತದೆಯೇ ಹೊರತು ಬಣ್ಣದ ಗೊಡವೆಗೆ ಹೋಗುವುದಿಲ್ಲ. ಮುದ್ರೆಯ ಜೊತೆ ಪರವಾನಗಿ ಸಂಖ್ಯೆ, ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು ಇರಲೇಬೇಕು. ಜಿಒಟಿಎಸ್‌ನವರ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಹುಡುಕಬಹುದು. ಆದರೆ ಪರವಾನಗಿ ಇರುವುದು ಕಂಪನಿಗೆ, ನೀವು ಕೊಳ್ಳುವ ಬಟ್ಟೆಯ ತಾನಿಗಲ್ಲ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವವರ ಹತ್ತಿರ ಆ ಲಾಟಿನ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ (ಆ ಸರಕೇ ಸಾವಯವ ಎಂದು ಪ್ರಮಾಣೀಕರಿಸುವ ಸಂಸ್ಥೆ ಕೊಟ್ಟ ಕಾಗದ) ಕೇಳಿ, ತಾನಿನ ಚೀಟಿಯ ಫೋಟೊ ಕಳಿಸಲು ಹೇಳಿ. ಕೊಡದಿದ್ದರೆ ಅದನ್ನು ಸಾಮಾನ್ಯ ಹತ್ತಿ ಎಂದೇ ಲೆಕ್ಕ ಹಿಡಿದು ಸಾಮಾನ್ಯ ಬೆಲೆಯನ್ನೇ ಕೊಡಿ.

ಖಾದಿ ಎಂದಾಕ್ಷಣ ಸಾವಯವ ಎಂದುಕೊಳ್ಳುವವರು ಬಹಳ. ಖಾದಿ ಎಂದರೆ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದದ್ದು. ಹತ್ತಿ ಯಾವ ಹೊಲದ್ದು ಎಂಬುದು ಬೇರೆ ವಿಷಯ. ಹಾಗಿದ್ದೂ ಪಕ್ಕದ ಧಾರವಾಡ ಸೀಮೆಯ ಜಯಧರ್ ಹತ್ತಿಯ ಬಟ್ಟೆ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ. ಮಳೆ ನೀರಿನಲ್ಲೇ ಬೆಳೆಯುವ ದೇಸಿ ತಳಿ ಅದು. 19ನೇ ಶತಮಾನದಲ್ಲಿ ಆ ಸೀಮೆಯ ದೇಸಿ ಹತ್ತಿ ಘಟ್ಟ ಇಳಿದು ನಿಮ್ಮೂರಿನ ಬಂದರಿನಿಂದಲೇ ಮುಂಬೈಗೆ ಹೋಗುತ್ತಿತ್ತು, ಅಲ್ಲಿನ ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. ಅದರ ಎಳೆ ಗಿಡ್ಡ, ಆದ್ದರಿಂದ 20ರ ಆಸುಪಾಸಿನ ದಪ್ಪ ನೂಲಿಗೆ ಸರಿ (ನೂಲಿನ ನಂಬರು ಹೆಚ್ಚಿದಷ್ಟೂ ನೂಲು ತೆಳು). 80ರ ನೂಲಿನ ನಯವಾದ ಬಟ್ಟೆ ತೋರಿಸಿ ಜಯಧರ್ ಎಂದರೆ ಅನುಮಾನಿಸಿ.

ಹೆಂಪ್ ಅನ್ನು ಮಾತ್ರ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು. ಸುಟ್ಟು ನೋಡುವುದರಿಂದ ಪಾಲಿಯೆಸ್ಟರ್ ಬೆರಕೆ ಗೊತ್ತಾಗುತ್ತದೆ, ಅದು ಕರಗಿ ಗಟ್ಟಿ ಮಣಿಯಾಗುತ್ತದೆ. ಹೆಂಪ್, ಲಿನನ್, ಹತ್ತಿ ಮೂರೂ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುವುದರಿಂದ ಅಷ್ಟರಿಂದ ಅವುಗಳನ್ನು ಬೇರ್ಪಡಿಸಲಾಗದು. ಲಿನನ್ನನ್ನೇ ಹೆಂಪ್ ಎಂದು ಕೊಟ್ಟಿದ್ದಾರೆಯೇ ಎಂದು ನೋಡಲು ಒಂದು ನೂಲೆಳೆ ಬಿಚ್ಚಿ, ಹುರಿ ಸಡಿಲಿಸಿ, ಒಳಗಿನ ಒಂದೇ ಒಂದು ನಾರನ್ನು ಎಳೆದುಕೊಳ್ಳಿ. ಎರಡು ಮೂರು ಸೆಂ.ಮೀ. ಇದ್ದರೆ ಸಾಕು. ನೀರಿನಲ್ಲಿ ಅದ್ದಿ, ಚಿಮುಟದಲ್ಲಿ ಹಿಡಿದು, ಬಿಡಿ ತುದಿ ನಿಮ್ಮ ಕಡೆ ಮುಖ ಮಾಡಿರುವಂತೆ ಬಿಸಿ ಕಾವಲಿಯ ಮೇಲ್ಗಡೆ ಹಿಡಿಯಿರಿ. ಒಣಗುವಾಗ ಲಿನನ್ ನಾರು ಗಡಿಯಾರದ ಮುಳ್ಳಿನ ದಿಕ್ಕಿಗೆ, ಹೆಂಪ್ ಅದರ ಎದುರು ದಿಕ್ಕಿಗೆ ತಿರುಗುತ್ತದೆ. ಸೆಣಬಿನ ಗೋಣಿಯ ನಾರೂ ಹೆಂಪ್‌ನಂತೆಯೇ ತಿರುಗುತ್ತದೆ, ಆದರೆ ಅದರ ಒರಟುತನ ಕೈಗೇ ತಿಳಿಯುತ್ತದೆ. ತುಂಬಾ ಬ್ಲೀಚ್ ಮಾಡಿದ್ದರಲ್ಲಿ ತಿರುವು ಸರಿಯಾಗಿ ಕಾಣದು, ನಾಲ್ಕಾರು ನಾರು ನೋಡಿಯೇ ತೀರ್ಮಾನಿಸಿ.

ಹೆಂಪ್ ವಿಸ್ಕೋಸ್ ಎಂದೂ ಮಾರುತ್ತಾರೆ. ಅದು ಕಾಂಡವನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ಎಳೆ ತೆಗೆದದ್ದು, ಹೆಂಪ್ ನಾರಿನ ಗಟ್ಟಿತನ ಅದಕ್ಕಿಲ್ಲ, ಒದ್ದೆಯಾದಾಗ ಇನ್ನೂ ಸೋಲುತ್ತದೆ. ಬೇಡ. ಕಾನೂನಿನ ಭಯವೂ ಬೇಡ: ಬಟ್ಟೆ ಉಡಲು ಅಡ್ಡಿಯಿಲ್ಲ. ಬೆಳೆಯುವುದಕ್ಕೆ ಮಾತ್ರ ಸರ್ಕಾರದ ಪರವಾನಗಿ ಬೇಕು, ಉತ್ತರಾಖಂಡ 2018ರಲ್ಲಿ ಅದನ್ನು ಕೊಡತೊಡಗಿತು. ಪೇಟೆಯ ಹೆಂಪ್ ನೂಲು ಬಹಳಷ್ಟು ಚೀನಾದಿಂದ ಬರುವುದರಿಂದ ‘ಹಿಮಾಲಯದ ಹೆಂಪ್’ ಎಂದು ಬರೆದಿದ್ದರೆ ನೂಲು ಎಲ್ಲಿಯದು ಎಂದು ಬಿಡಿಸಿ ಕೇಳಿ.

ಎಷ್ಟು ತರಿಸಬೇಕು? ಮೊದಲು ಮುಕ್ಕಾಲು ಮೀಟರ್ ತರಿಸಿ ಅದರ ಮೇಲೆ 50 ಸೆಂ.ಮೀ. ಚೌಕಕ್ಕೆ ಬಣ್ಣದ ದಾರದಲ್ಲಿ ಗುರುತು ಹೊಲಿಯಿರಿ. ಎರಡು ಸಲ ಒಗೆದು ಒಣಗಿಸಿ ಅಳೆಯಿರಿ. ಉದ್ದ 47ಕ್ಕೆ ಇಳಿದರೆ ಕುಗ್ಗುವುದು ಶೇ. 6. ಕೈಮಗ್ಗದ ಬಟ್ಟೆ 5ರಿಂದ 8 ಕುಗ್ಗುವುದು ಸಹಜ. 36 ಇಂಚು ಪನ್ನೆಯ, ಅಂದರೆ ಅಷ್ಟು ಅಗಲದ ಬಟ್ಟೆಯಲ್ಲಿ ತುಂಬುತೋಳಿನ ಶರ್ಟಿಗೆ 2.5 ಮೀಟರ್ ಬೇಕು. ಶೇ. 6 ಕುಗ್ಗಿದರೆ ಉಳಿಯುವುದು 0.94 ಪಾಲು, 2.5ನ್ನು 0.94ರಿಂದ ಭಾಗಿಸಿದರೆ 2.66, ಆದ್ದರಿಂದ ಒಂದು ಶರ್ಟಿಗೆ 2.7 ಮೀಟರ್ ತರಿಸಿ. ಪ್ಯಾಂಟಿಗೆ 58 ಇಂಚು ಪನ್ನೆಯದು 1.4 ಮೀಟರ್ ಸಾಕು. ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿಯೇ ದರ್ಜಿಗೆ ಕೊಡಿ. ಹಾಗೆ ಮಾಡದಿದ್ದರೆ ಕಾಲರಿನೊಳಗಿನ ಕ್ಯಾನ್ವಾಸ್ ಹಾಗೇ ಉಳಿದು ಮೇಲಿನ ಬಟ್ಟೆ ಕುಗ್ಗಿ ಗುಳ್ಳೆ ಏಳುತ್ತದೆ. ಹೆಂಪ್ ಅಂಚು ಬೇಗ ಬಿಚ್ಚಿಕೊಳ್ಳುವುದರಿಂದ ಹೊಲಿಗೆಗೆ ಒಂದೂವರೆ ಸೆಂ.ಮೀ. ಬಿಡಿಸಿ, ಅಂಚು ಒಳಗೆ ಮಡಚಿ ಜೋಡಿ ಹೊಲಿಗೆ ಹಾಕಿಸಿ. ಪ್ಯಾಂಟಿನ ಮುಂದಿನ ಗೆರೆಯನ್ನು ದಿನಾ ಚೂಪಾಗಿ ಇಸ್ತ್ರಿ ಮಾಡಬೇಡಿ, ಹೆಂಪ್ ನಾರು ಬಿರುಸು, ಒಂದೇ ಕಡೆ ಮಡಚಿ ಮಡಚಿ ಗೆರೆಯುದ್ದಕ್ಕೂ ಸೀಳುತ್ತದೆ. ಸ್ವಲ್ಪ ಒದ್ದೆ ಇರುವಾಗಲೇ ಇಸ್ತ್ರಿ ಮಾಡಿದರೆ ಸುಕ್ಕೂ ಹೋಗುತ್ತದೆ, ನಾರಿಗೂ ಪೆಟ್ಟಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಗೆ ಗಂಜಿ ಹಾಕಬೇಡಿ. ಬಚ್ಚಲೊಲೆಯ ಬಿಸಿ ತಾಗುವ ಕಡೆ, ಹೊಗೆ ತಾಗದಂತೆ, ಒಳಮೈ ಹೊರಗೆ ತಿರುಗಿಸಿ ಹರವಿ. ಇಸ್ತ್ರಿ ಮಾಡಿ, ಕಾಲು ಗಂಟೆ ಆರಲು ಬಿಟ್ಟು ಆಮೇಲೆ ಕಪಾಟಿಗೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಚಿರೆಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಅಳಲೆಕಾಯಿ ಒಗರಿನ ನೈಸರ್ಗಿಕ ಬಣ್ಣಗಳು ಕಪ್ಪಾಗುತ್ತವೆ, ಅಂಥ ಬಟ್ಟೆಯನ್ನು ಹಿಡಿದಿಟ್ಟ ಮಳೆನೀರಿನಲ್ಲಿ ಒಗೆಯಿರಿ. ಬೂಸ್ಟು ಬಂದರೆ ಒಣಗಿದ್ದಾಗಲೇ ಹೊರಗೆ ಕೊಡವಿ, ಬಿಳಿ ಅಥವಾ ಬಣ್ಣ ಹಾಕದ ಬಟ್ಟೆಯಾದರೆ ಆಕ್ಸಿಜನ್ ಬ್ಲೀಚ್ ಪುಡಿ ಕಲಸಿದ 60 ಡಿಗ್ರಿ ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ಕ್ಲೋರಿನ್ ಬ್ಲೀಚ್ ಹಾಕಿದರೆ ಬಣ್ಣ ಹಾಕದ ಹೆಂಪ್ ಹಳದಿಗೆ ತಿರುಗುತ್ತದೆ. ಬಿಳಿ ಪುಡಿಯಂಥ ಬೂಸ್ಟು ಆಕ್ಸಿಜನ್ ಬ್ಲೀಚಿನಿಂದ ಹೋಗುತ್ತದೆ. ಕಪ್ಪು ಚುಕ್ಕೆಗಳು ನಾರಿನೊಳಕ್ಕೆ ಇಳಿದಿದ್ದರೆ ಪೂರ್ತಿ ಹೋಗುವುದಿಲ್ಲ, ಅದಕ್ಕಾಗಿ ಮತ್ತೆ ಮತ್ತೆ ತಿಕ್ಕಿ ಬಟ್ಟೆ ತೆಳುವಾಗಿಸಬೇಡಿ.